ಕುದುರೆ ಹೊಟ್ಟೆಯ ತೂತು

ಬಹಳ ಹಿಂದೆ, ಯಾರ ಲೆಕ್ಕಕ್ಕೂ ಸಿಗದಷ್ಟು ಹಿಂದೆ, ಒಂದೂರಲ್ಲಿ, ಕೆರೆ ಏರಿ ಹಿಂದಿನ ಕುಂಬಾರಗೇರಿಯಲ್ಲಿ, ನಿಂಬೆವ್ವ ಅಂತ ಒಬ್ಬಳಿದ್ದಳಂತೆ. ಹರಕೆಯ ಮಣ್ಣಿನ ಕುದುರೆ ಮಾಡೋದರಲ್ಲಿ ಅವಳ ಸಮಕ್ಕೆ ಇನ್ನೊಬ್ಬರಿಲ್ಲ. ಆಳೆತ್ತರದ ಕುದುರೆ ಮಾಡಿದ್ದಳು ಅಂತಾರೆ. ನಮ್ಮಜ್ಜಿ ಹೇಳುವಾಗ ಅದು ಮೊಣಕಾಲೆತ್ತರ ಇತ್ತು, ಇರಲಿ ಬಿಡಿ.

ಆ ಕುದುರೆಗಳ ಹೊಟ್ಟೆ ಟೊಳ್ಳು, ಕೆಳಗೊಂದು ಸಣ್ಣ ತೂತು. ಯಾಕೆ ಅಂದರೆ, ಹಸಿ ಮಣ್ಣು ಸುಡೋ ಆವಿಗೆಯಲ್ಲಿ ಬೆಂಕಿ ಏರಿದಂಗೆಲ್ಲ ಒಳಗಿನ ಗಾಳಿ ಒದ್ದಾಡುತ್ತೆ. ಮಣ್ಣು ಹಿಗ್ಗೋದಿಲ್ಲ, ಜಾಗ ಇದ್ದಷ್ಟೇ. ದಾರಿ ಬಿಡದಿದ್ದರೆ ಹೊಟ್ಟೆ ಒಡೆದೇ ಹೋಗುತ್ತೆ. ಕೇರಿಗೆಲ್ಲ ಇದನ್ನ ಹೇಳಿಕೊಟ್ಟವಳು ನಿಂಬೆವ್ವನೇ ಅಂತೆ.

ಗಂಡ ಹೋದ ಮೇಲೆ ಅವಳಿಗಿದ್ದದ್ದು ಮಗಳು ಚಂಪಿ ಒಬ್ಬಳೇ. ಏಳು ವರ್ಷದ ಕೂಸು, ಬಲು ತುಂಟಿ. ಹಸಿ ಕುದುರೆಯ ತೂತಿಗೆ ಬಾಯಿಟ್ಟು "ಅವ್ವಾ" ಅಂತ ಕೂಗೋದು, ಒಳಗಿಂದ ಬುಂಯ್ ಅಂದರೆ ನಗೋದು. ಒಂದು ದಿನ ಹಂಗೇ ಕೂಗಿ, ತೂತಿಗೆ ಬೆರಳು ಅಡ್ಡ ಇಟ್ಟು, ನಾನೀಗ ಇದರೊಳಗಿದ್ದೀನಿ, ಮುಚ್ಚಿಬಿಡು ಅಂದಳಂತೆ. ನಿಂಬೆವ್ವ ನಕ್ಕು, ಚಿಟಿಕೆ ಮಣ್ಣು ಮೆತ್ತಿದಳು. ಮರುದಿನ ಜ್ವರ ಬಂತು. ಮೂರೇ ದಿನ, ಚಂಪಿ ಹೋದಳು.

ನಿಂಬೆವ್ವ ಅಳಲಿಲ್ಲವಂತೆ. ಆ ಕುದುರೆ ಮುಂದೆ ಕೂತೇ ಇದ್ದಳು. ಒಳಗೆ ಮಗಳ ಉಸಿರಿದೆ. ಹಸಿಯಾಗಿ ಬಿಟ್ಟರೆ ಸೋರೋ ಸೂರಿನ ಕೆಳಗೆ ಕರಗಿ ಕೆಸರಾಗುತ್ತೆ. ಸುಡಬೇಕಾದರೆ ತೂತು ತೆಗೀಬೇಕು, ತೆಗೆದರೆ ಉಸಿರು ಹೋಗುತ್ತೆ. ಮೋಡ ಕಟ್ಟಿದಾಗ, ಮುಚ್ಚಿದ ಕುದುರೆಯನ್ನೇ ಆವಿಗೆಗೆ ಇಟ್ಟಳು. ಪಕ್ಕದ ಮನೆಯ ಮುದುಕ ಮಲ್ಲಣ್ಣ ಓಡಿ ಬಂದು ಬೇಡಿಕೊಂಡ.

"ನೀನೇ ಹೇಳಿಕೊಟ್ಟೋಳು ತಂಗೀ. ತೂತು ತೆಗಿ."

"ತೆಗೆದರೆ ಅವಳು ಹೋಗ್ತಾಳಲ್ಲ ಮಲ್ಲಣ್ಣ."

ಯಾರನ್ನೂ ಹತ್ತಿರ ಸೇರಿಸದೆ, ಕೂಸಿಗೆ ಉಣಿಸಿದಂಗೆ ಬೆಂಕಿಗೆ ಒಂದೊಂದೇ ಹಿಡಿ ಹುಲ್ಲು ಹಾಕಿದಳಂತೆ. ಎರಡನೇ ದಿನ ಮಧ್ಯಾಹ್ನ ಆವಿಗೆ ಢಬ್ ಅಂತು. ಆ ಸದ್ದಿನಲ್ಲಿ "ಅವ್ವಾ" ಅಂತ ಕೇಳಿಸಿತು ಅಂತಾರೆ. ಬರೀ ಢಬ್ ಅಂತು ಅನ್ನೋರೂ ಇದ್ದಾರೆ. ಅವಳಿಗೆ ಏನು ಕೇಳಿಸಿತೋ, ಆಗ ಅತ್ತಳು. ಕೇರಿಯವರೆಲ್ಲ ಕೆಲಸ ಬಿಟ್ಟು ಕೂರೋ ಹಂಗೆ ಅತ್ತಳು.

ಆಮೇಲೂ ಬದುಕಿದಳು, ಬಹಳ ವರ್ಷ, ಒಬ್ಬಳೇ. ಕುದುರೆ ಮಾಡೋದು ಬಿಡಲಿಲ್ಲ. ಪ್ರತಿಯೊಂದರ ತೂತಿಗೂ ಬಾಯಿಟ್ಟು ಮಗಳನ್ನ ಕರೆದು, ತೂತು ತೆರೆದೇ ಬೆಂಕಿಗೆ ಇಡುತ್ತಿದ್ದಳಂತೆ.

ಈಗಲೂ ಆ ಕೇರಿಯವರು ಆವಿಗೆಗೆ ಕುದುರೆ ಇಡೋ ಮುಂಚೆ ತೂತಿಗೆ ಬಾಯಿಟ್ಟು, ತಮ್ಮನ್ನ ಬಿಟ್ಟು ಹೋದವರ ಹೆಸರು ಕರೀತಾರೆ. ಯಾರನ್ನ ಕರೆದೆ ಅಂತ ಪಕ್ಕದವರು ಕೇಳೋದಿಲ್ಲ. ಕರೆದವರು ತೂತು ತೆರೆದಿದೆಯಾ ಅಂತ ಬೆರಳಿಟ್ಟು ನೋಡಿ, ಆಮೇಲೆ ಬೆಂಕಿ ಹಚ್ಚುತ್ತಾರೆ.