ಮೊದಲ ತುತ್ತು

ಹೊಳೆದಂಡೆಯ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಗುರು ಗೌರಮ್ಮನವರು ಮೊದಲ ತುತ್ತು ಬಾಯಿಗಿಡುವ ತನಕ ಪಂಕ್ತಿಯಲ್ಲಿ ಯಾರೂ ಉಣ್ಣುವಂತಿಲ್ಲ. ಅವರು ತುತ್ತು ಎತ್ತುವುದು ಭಜನೆ ಮುಗಿದ ಮೇಲೆ. ಭಜನೆ ಮುಗಿಯುವುದು ಹಾಡುವ ವಿರೂಪಾಕ್ಷಯ್ಯನಿಗೆ ಮನಸ್ಸು ಬಂದ ಮೇಲೆ.

ಶಿಷ್ಯೆ ತುಂಗಾ ಇನ್ನೂ ಹದಿನೆಂಟರ ಹುಡುಗಿ. ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ತಡಮಾಡದೆ ಉಣ್ಣಬೇಕು. ಇದು ಆಶ್ರಮದಲ್ಲಿ ಗುರುವನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ದಿನವೂ ಕೊಟ್ಟಿಗೆಯ ಹಿಂದೆ ನಿಂತು ಚುಚ್ಚಿಕೊಂಡು, ಏನೂ ಆಗದವಳ ಹಾಗೆ ಬಂದು ಪಂಕ್ತಿಯಲ್ಲಿ ಕೂರುತ್ತಿದ್ದಳು.

ಅವತ್ತು ವಿರೂಪಾಕ್ಷಯ್ಯ ಒಂದೇ ಚರಣವನ್ನು ಹಿಡಿದುಕೊಂಡು ಬಿಡಲೇ ಇಲ್ಲ. ತುಂಗಾಳ ಕೈ ನಡುಗಿತು. ಬೆನ್ನು ಬೆವೆತಿತು. ಎದುರಿಗೇ ಅನ್ನ ಹಬೆಯಾಡುತ್ತಿತ್ತು. ಅವಳು ಮುಟ್ಟಲಿಲ್ಲ. ಕೊನೆಗೆ ಪಕ್ಕಕ್ಕೆ ವಾಲಿದಳು.

ಗೌರಮ್ಮ ಧಡಕ್ಕನೆ ಎದ್ದು ಬಂದು ಬೆಲ್ಲದ ಪಾನಕ ಕುಡಿಸಿದರು. ಉಳಿದವರು ಬಿಸಿಲಿಗೆ ತಲೆ ಸುತ್ತಿತು ಅಂದುಕೊಂಡರು.

ಸಂಜೆ ಹೊಳೆಯ ಮೆಟ್ಟಿಲ ಮೇಲೆ ಗುರು ಕೇಳಿದರು: "ಉಂಡಿದ್ದರೆ ಏನಾಗ್ತಿತ್ತೇ?"

"ಪದ್ಧತಿ ಇದೆಯಲ್ಲ, ಅಮ್ಮ."

"ಪದ್ಧತಿಗೆ ಬೆಂಕಿ ಬೀಳಲಿ. ಹೀಗಿದೆ ಅಂತ ಬಾಯಿಬಿಟ್ಟು ಹೇಳೋಕಾಗಲ್ವಾ?"

"ಊರಲ್ಲಿ ಹೇಳಿ ಹೇಳಿ ಸಾಕಾಗಿಯೇ ಇಲ್ಲಿಗೆ ಬಂದಿದ್ದು. ಒಬ್ಬಳು ಹಾಗಲಕಾಯಿ ರಸ ತರ್ತಾಳೆ. ಒಬ್ಬಳು, ಮಿಠಾಯಿ ಜಾಸ್ತಿ ತಿಂದ್ಯಾ ಅಂತಾಳೆ. ಇನ್ನೊಬ್ಬಳು, ಇವಳನ್ನ ಯಾರು ಕಟ್ಕೋತಾರೆ ಅಂತ ನನ್ನೆದುರೇ ನಮ್ಮಮ್ಮನನ್ನ ಕೇಳ್ತಾಳೆ. ಸೂಜಿಯಾದರೂ ಚುಚ್ಚಿ ಸುಮ್ಮನಾಗುತ್ತೆ. ಇವರು ಸುಮ್ಮನಾಗೋದೇ ಇಲ್ಲ."

"ಮನಸ್ಸು ಗಟ್ಟಿ ಮಾಡ್ಕೋ."

"ಅದನ್ನೂ ಒಬ್ಬರು ಹೇಳಿಯಾಗಿದೆ. ನಮ್ಮೂರ ಬಸ್ಸಿನ ಕಂಡಕ್ಟರು."

ಗುರು ನಕ್ಕರು. ತುಂಗಾ ನಗಲಿಲ್ಲ.

"ಹೀಗೇ ಮುಚ್ಚಿಟ್ಕೊಂಡರೆ ಒಂದು ದಿನ ಬಿದ್ದವಳು ಏಳಲ್ಲ ನೀನು."

"ಏಳದಿದ್ದರೆ ಬೇಡ. 'ಪಾಪ' ಅನ್ನಿಸಿಕೊಳ್ಳೋದು ತಪ್ಪುತ್ತೆ."

ಗುರುವಿನ ನಗು ನಿಂತಿತು.

ಮರುದಿನ ವಿರೂಪಾಕ್ಷಯ್ಯ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗೌರಮ್ಮ ತುತ್ತು ಕಲಸಿ ಬಾಯಿಗಿಟ್ಟರು.

"ಅಮ್ಮ, ಭಜನೆ!"

"ನೀನು ಹಾಡಪ್ಪ. ನನಗೆ ಹಸಿವು."

ಗುರು ಉಂಡ ಮೇಲೆ ಮಿಕ್ಕವರಿಗೆ ಅಡ್ಡಿಯೇನು? ತುಂಗಾ ತಲೆ ತಗ್ಗಿಸಿಕೊಂಡು ಉಂಡಳು.

ಅಂದಿನಿಂದ ದಿನವೂ ಹಾಗೆಯೇ. ಆಶ್ರಮಕ್ಕೆ ಮಾತಾಡಲು ಅಷ್ಟೇ ಸಾಕಾಯಿತು. ವಯಸ್ಸಾದ ಮೇಲೆ ನಾಲಿಗೆ ಚಪಲ ಅಂದರು ಕೆಲವರು. ಅಡುಗೆಯ ಪದ್ದಕ್ಕ ಮಾತ್ರ ಬೇರೆಯೇ ಪತ್ತೆ ಮಾಡಿದಳು: ಹೊತ್ತಿಗೆ ಮುಂಚೆ ಹಸಿವು ಅಂದರೆ ಅಮ್ಮನವರಿಗೆ ಸಕ್ಕರೆ ಕಾಯಿಲೆಯೇ ಸರಿ.

ಒಂದು ಮಧ್ಯಾಹ್ನ ದೊಡ್ಡ ಲೋಟದಲ್ಲಿ ಹಾಗಲಕಾಯಿ ರಸ ಬಂತು.

"ಪಾಪ, ಈ ವಯಸ್ಸಿನಲ್ಲಿ ನಿಮಗಿದು ಬರಬಾರದಿತ್ತು," ಎಂದಳು ಪದ್ದಕ್ಕ. "ಒಂದೇ ಗುಟುಕಿಗೆ ಕುಡಿದುಬಿಡಿ. ಸಿಹಿ ಜಾಸ್ತಿ ತಿಂದಿರೇನೋ. ನಮ್ಮ ಭಾವನ ಕಾಲು ಇದರಲ್ಲೇ ಹೋಯಿತು. ನೀವು ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಗೌರಮ್ಮ ಮುಖ ಕಿವುಚಿಕೊಂಡು ಕುಡಿದರು. ಮರುದಿನವೂ ಬಂತು. ಕುಡಿದರು. ಅದರ ಮರುದಿನವೂ.

ತುಂಗಾಳ ಮೈ ಉರಿಯಿತು. ಗುರುವನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು ಜಗಳವಾಡಿದಳು. "ನಿಜ ಹೇಳಿಬಿಡಬಾರದಾ, ಅಮ್ಮ? ನನ್ನ ಪಾಲಿನದನ್ನ ನೀವು ಯಾಕೆ ಕುಡೀಬೇಕು?"

"ಹೇಳಬೇಕಾದವಳು ನಾನಲ್ಲವಲ್ಲ," ಎಂದರು ಗುರು ಬಾಯಿ ಮುಕ್ಕಳಿಸುತ್ತ. "ಕಹಿ ಅಂದರೆ ಕಹಿ ಕಣೇ. ಹೇಗೆ ತಡ್ಕೊಂಡೆ ಇಷ್ಟು ವರ್ಷ?"

ಹಾಗೆ ತುಂಗಾಳನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಮರುದಿನ ಪಂಕ್ತಿ ಕೂತಿತು. ವಿರೂಪಾಕ್ಷಯ್ಯ ಹಾಡು ಶುರುಮಾಡಿದ; ಗೌರಮ್ಮ ತುತ್ತು ಎತ್ತುವ ಮೊದಲೇ ಪದ್ದಕ್ಕ ಲೋಟ ಹಿಡಿದು ಬಂದಳು. "ಪಾಪ, ಅಮ್ಮನವರಿಗೆ…"

"ಕೊಡ್ಬೇಡಿ ಪದ್ದಕ್ಕ, ಸಾಕು!" ತುಂಗಾ ಅಂದಳು. "ಕಾಯಿಲೆ ಅವರಿಗಲ್ಲ. ನನಗೆ."

ಅವತ್ತು ಕೊಟ್ಟಿಗೆಯ ಹಿಂದೆ ಹೋಗಿರಲಿಲ್ಲ; ಕೂತಲ್ಲೇ ಸೂಜಿ ತೆಗೆದು, ಎಲ್ಲರೆದುರೇ ಚುಚ್ಚಿಕೊಂಡಳು. ಗುರುವಿನ ಕಡೆ ನೋಡಲೂ ಇಲ್ಲ. ಅನ್ನ ಕಲಸಿ ತುತ್ತು ಬಾಯಿಗಿಟ್ಟಳು.

ವಿರೂಪಾಕ್ಷಯ್ಯನ ಹಾಡು ನಿಂತಿತು. ಪಂಕ್ತಿಯುದ್ದಕ್ಕೂ ಬಾಯಿಗಳು ತೆರೆದುಕೊಂಡವು.

ಗೌರಮ್ಮ ತಮ್ಮ ಎಲೆ ಹತ್ತಿರಕ್ಕೆ ಎಳೆದುಕೊಂಡರು.

"ತೆರೆದ ಬಾಯಿಗೆ ಅನ್ನ ಹಾಕಿಕೊಳ್ಳಿ. ಅವಳು ಶುರು ಮಾಡಿಯಾಯಿತು."