ಡಬ್ಬದ ಮರೆ

ನದಿದಂಡೆಯ ಬಯಲಿನಲ್ಲಿ ಗುರು ಬೆಳ್ಳಿಯಪ್ಪ ಪೇಂಟ್‌ಬಾಲ್ ಕಲಿಸುತ್ತಿದ್ದರು. ಗಾಳಿ ತುಂಬಿದ ಬಂಕರ್‌ಗಳ ಮರೆಯಿಂದ ಬಣ್ಣದ ಗುಂಡು ಹೊಡೆಯುವ ಆಟ. ಮೈಮೇಲೆ ಬಣ್ಣ ಒಡೆದರೆ ಔಟ್.

ಶಿಷ್ಯೆ ಸುನೇತ್ರಾ ಬಂಕರ್‌ಗಳ ಪಾಠವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಳು. ಆದರೂ ಪ್ರತಿ ಆಟದಲ್ಲಿ ಮೊದಲು ಔಟಾಗುವವಳು ಅವಳೇ. ಭಾನುವಾರದ ಪಂದ್ಯಕ್ಕೆ ಐವರು ಬೇಕು. ಹಲಗೆಯ ಮೇಲೆ ಆಗಲೇ ನಾಲ್ಕು ಹೆಸರಿತ್ತು. ಐದನೆಯದು ತನ್ನದಾಗಲೆಂದು ಅವಳ ಜೀವ ಒದ್ದಾಡುತ್ತಿತ್ತು.

“ಗುರುಗಳೇ, ನಾನು ಎಲ್ಲಿ ತಪ್ಪುತ್ತಿದ್ದೇನೆ?”

“ಪಾಠ ಒಪ್ಪಿಸು.”

“ಉದ್ದಕ್ಕೆ ಮಲಗಿರುವ ಬಂಕರ್ ಹಾವು. ಅದರ ಮರೆಯಲ್ಲಿ ತೆವಳುತ್ತ ಮುಂದೆ ಹೋಗಬೇಕು. ತ್ರಿಕೋನ, ಓಡಿ ಮುನ್ನುಗ್ಗುವವರಿಗೆ. ಎತ್ತರದ ಡಬ್ಬ ಹಿಂದಿನ ಸಾಲಿನದು. ಅಲ್ಲಿ ನಿಂತು, ಎದುರಾಳಿ ಎಲ್ಲಿದ್ದಾನೆಂದು ಜೊತೆಯವರಿಗೆ ಕೂಗಿ ಹೇಳಬೇಕು.”

“ಒಂದಕ್ಷರವೂ ತಪ್ಪಿಲ್ಲ. ಹೋಗು, ಡಬ್ಬದ ಮರೆಯಲ್ಲಿ ನಿಲ್ಲು.”

ಮುಖವಾಡ ತೊಟ್ಟು ಅವಳು ನಿಂತಳು. ಗುರುಗಳು ಎದುರಿನಿಂದ ಹೊಡೆದರು. ಗುಂಡು ಡಬ್ಬಕ್ಕೆ ಬಡಿದು ಒಡೆಯಿತು. ಸುನೇತ್ರಾಳಿಗೆ ಖುಷಿಯೋ ಖುಷಿ.

ಗುರುಗಳು ತೋಟ ನೋಡಲು ಬಂದವರ ಹಾಗೆ ನಿಧಾನವಾಗಿ ಪಕ್ಕಕ್ಕೆ ನಡೆದರು. ಅವಳು ನೋಡಿದಳು, ಆದರೆ ಕದಲಲಿಲ್ಲ. ನಿಲ್ಲು ಎಂದಿದ್ದರಲ್ಲ!

ಟಪ್. ಭುಜದ ಮೇಲೆ ನೀಲಿ ಬಣ್ಣ.

“ಇದು ಮೋಸ! ನೀವು ಹೇಳಿದ ಜಾಗದಲ್ಲೇ ಇದ್ದೆ.”

“ಹೌದು, ನೀನು ಇದ್ದೆ.”

“ಡಬ್ಬವೂ ಅಲ್ಲೇ ಇತ್ತು.”

“ಅದೂ ಇತ್ತು.”

“ಮತ್ತೆ ಮರೆ ಎಲ್ಲಿಗೆ ಹೋಯಿತು?”

ಗುರುಗಳು ಗುಂಡು ಹೊಡೆಯುತ್ತ ಇನ್ನೊಂದು ಸುತ್ತು ಹೊರಟರು. ಈ ಸಲ ಸುನೇತ್ರಾ ನಿಂತಲ್ಲೇ ನಿಲ್ಲಲಿಲ್ಲ. ಅವರು ಸುತ್ತಿದಂತೆಲ್ಲ, ಡಬ್ಬವನ್ನು ನಡುವೆ ಇಟ್ಟುಕೊಂಡು ಇವಳೂ ಸುತ್ತಿದಳು. ಮೂರು ಸುತ್ತಾದರೂ ಒಂದು ಗುಂಡೂ ತಗುಲಲಿಲ್ಲ.

ಆದರೆ ಅವಳ ತಲೆ ಕೆಟ್ಟು ಗೊಬ್ಬರವಾಗಿತ್ತು. ಅಳು ಬರುವುದೊಂದು ಬಾಕಿ.

“ನಿಲ್ಲು ಎಂದು ಕಲಿಸಿದವರು ನೀವು. ನಿಂತರೆ ಹೊಡೆಯುವವರೂ ನೀವೇ. ನಾನು ಯಾವುದನ್ನು ನಂಬಲಿ?”

ಗುರುಗಳು ಹಲಗೆಯ ಬಳಿ ಹೋಗಿ, ನಾಲ್ಕು ಹೆಸರಿನ ಕೆಳಗೆ ಅವಳ ಹೆಸರು ಬರೆದರು.

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

“ಗುರುಗಳೇ, ಹಾಗಾದರೆ ಭಾನುವಾರ ನಾನು ಎಲ್ಲಿ ನಿಲ್ಲಲಿ?”

“ಎದುರಾಳಿಯನ್ನು ಕೇಳು.”