ಒಲೆಯ ಪಕ್ಕದ ಆಲಿವ್ ಸಸಿ

ಬಡಗಣ ಬೆಟ್ಟಗಳ ನಡುವೆ, ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಗುರು ನಿರ್ವಾಣಯ್ಯ, ಶಿಷ್ಯ ಸಂಗಯ್ಯ. ಇಬ್ಬರೂ ಬಯಲುಸೀಮೆಯಿಂದ ಬಂದವರು.

ಹಿಂದಿನ ವರ್ಷ ಸಂಗಯ್ಯ ತನ್ನೂರಿನ ಪಂಚಾಂಗ ನೋಡಿ, ಯುಗಾದಿಯ ಮುಹೂರ್ತದಲ್ಲಿ ಆಲಿವ್ ಸಸಿಗಳನ್ನು ನೆಟ್ಟಿದ್ದ. ಊರಲ್ಲಾದರೆ ಅದು ಬಿಸಿಲ ಕಾಲ. ಇಲ್ಲಿ ಅದೇ ವಾರ ಇಬ್ಬನಿ ಹೆಪ್ಪುಗಟ್ಟಿತು. ಬೆಳಿಗ್ಗೆ ನೋಡಿದರೆ ಸಸಿಗಳೆಲ್ಲ ಸುಟ್ಟಂತೆ ಕರ್ರಗಾಗಿದ್ದವು. ಪಂಚಾಂಗಕ್ಕೇನು ಗೊತ್ತು ಬೆಟ್ಟದ ಚಳಿ!

ಕುಂಡದಲ್ಲಿದ್ದ ಒಂದೇ ಒಂದು ಸಸಿ ಉಳಿಯಿತು. ಸಸಿಗಳನ್ನು ದೂರದಿಂದ ಹೊತ್ತು ತಂದಿದ್ದ ಯಾತ್ರಿಕ ತೀರಿಹೋಗಿದ್ದ. ಇದೂ ಹೋದರೆ ಮತ್ತೆ ಸಿಗುವುದಿಲ್ಲ. ಸಂಗಯ್ಯ ಅದನ್ನು ಒಲೆಯ ಪಕ್ಕ ಇಟ್ಟುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾದ. ಗಾಳಿ ಸುಯ್ಯೆಂದರೂ ಎದ್ದು ಕಿಟಕಿ ಮುಚ್ಚುತ್ತಿದ್ದ.

"ಇದನ್ನ ಯಾವಾಗ ನೆಲಕ್ಕ ಹಚ್ಚಲ್ರಿ ಅಪ್ಪಾರ?" ಎಂದು ಕೇಳಿದ.

"ಕೆಳಗಿನ ಹಳ್ಳಿಯವರನ್ನ ಕೇಳು," ಎಂದರು ಗುರುಗಳು.

ಹಳ್ಳಿಯವರು ನಕ್ಕರು. ಚಳಿಗೆ ಹಿಪ್ಪುನೇರಳೆ ಎಲ್ಲ ಗಿಡಗಳಿಗಿಂತ ಅಂಜುಬುರುಕ, ಅದು ಚಿಗುರಿತೆಂದರೆ ಹೆಪ್ಪುಮಂಜಿನ ಕಾಲ ಮುಗಿದಂತೆ ಎಂದರು.

ಹಿಪ್ಪುನೇರಳೆ ಚಿಗುರಿತು. ಎಲೆ ಅಂಗೈಯಗಲವಾಯಿತು. ಕುಂಡ ಮಾತ್ರ ಒಲೆಯ ಪಕ್ಕದಿಂದ ಕದಲಲಿಲ್ಲ.

"ಇನ್ನೂ ಯಾಕ ಹಚ್ಚಿಲ್ಲೋ?" ಎಂದು ಗುರುಗಳು ಕೇಳಿದರು.

"ಗಿಡಾನೂ ತಪ್ಪತಾವಲ್ರಿ. ಇವತ್ತ ರಾತ್ರಿ ಮಂಜು ಬಿದ್ದರ?"



ಬೇಸಿಗೆ ಬಂತು. ಸಸಿಯ ಎಲೆ ಹಳದಿಯಾಗಿ ಉದುರತೊಡಗಿತು. ಸಂಗಯ್ಯನಿಗೆ ಇನ್ನಷ್ಟು ಭಯವಾಯಿತು. ತಾನು ಹೊದೆಯುವ ಕಂಬಳಿಯನ್ನೇ ತಂದು ಅದಕ್ಕೆ ಹೊದಿಸಿದ.

ಅದನ್ನು ಕಂಡ ಗುರುಗಳು ಕಂಬಳಿ ಸರಿಸಿ, ಕುಂಡವನ್ನು ಅಂಗಳಕ್ಕೆ ಒಯ್ದು ಕಲ್ಲಿಗೆ ಕುಕ್ಕಿ ಒಡೆದರು.

ಸಂಗಯ್ಯ ಓಡಿ ಬಂದ. "ಅಯ್ಯೋ, ಕೊಂದಬಿಟ್ಟಿರಲ್ರಿ!"

ಗುರುಗಳು ಬೇರಿನತ್ತ ಬೆರಳು ತೋರಿಸಿದರು. ಒಳಗೆ ಮಣ್ಣೇ ಕಾಣುತ್ತಿರಲಿಲ್ಲ. ಹೋಗಲು ಜಾಗವಿಲ್ಲದೆ ಬೇರುಗಳು ಸುತ್ತಿ ಸುತ್ತಿ ತಮ್ಮನ್ನು ತಾವೇ ಬಿಗಿದುಕೊಂಡಿದ್ದವು. ಅರ್ಧ ಕೊಳೆತಿದ್ದವು. ಅಲ್ಲೊಂದು ಇಲ್ಲೊಂದು ಬಿಳಿ ಬೇರಿನಲ್ಲಿ ಇನ್ನೂ ಜೀವವಿತ್ತು.

ಗುರುಗಳೇ ಗುಂಡಿ ತೋಡಿದರು. ಬೇರು ಬಿಡಿಸಿ ಸಸಿಯನ್ನು ಇಳಿಸಿದರು, ಮಣ್ಣು ಎಳೆದರು, ನೀರು ಹಾಕಿದರು. ಸಂಗಯ್ಯ ಮೊಣಕಾಲೂರಿ ಕೂತು ಎರಡೂ ಕೈಯಿಂದ ಸಸಿಯ ಕಾಂಡವನ್ನು ಹಿಡಿದೇ ಇದ್ದ. ನೀರು ಹಾಕಿದ ಮೇಲೂ ಬಿಡಲಿಲ್ಲ.

"ಹೆಪ್ಪುಮಂಜು ಬಂದು ಹಿಡಕೊಂಡ್ರ ಹ್ಯಾಂಗ್ರೀ ಅಪ್ಪಾರ?"

"ಬಂದರ, ಅದು ಒಂದ ರಾತ್ರಿ ಹಿಡಕೊಂಡು ಬಿಡತದ. ನೀ ಯಾವಾಗ ಬಿಡಾಂವ?"